ಹೌಸ್ ಸರ್ಜನ್ ಆಗಿ ವಾರ್ಡಿಗೆ ಕಾಲಿಡುವ ಮುನ್ನ: ರೋಗಿಯ ನಂಬಿಕೆ ಗಳಿಸುವ ಬಗೆ, ಹಂತ ಹಂತವಾಗಿ

ಹೌಸ್ ಸರ್ಜನ್ ಆಗಿ, ಅಂದರೆ ಎಂಬಿಬಿಎಸ್ ಓದು ಮುಗಿಸಿದ ಮೇಲಿನ ತರಬೇತಿಯ ವರ್ಷದಲ್ಲಿ, ನನಗೆ ಅದು ಮೂರನೇ ದಿನ. ಜಿಲ್ಲಾ ಆಸ್ಪತ್ರೆಯ ಹೆಂಗಸರ ಮೆಡಿಸಿನ್ ವಾರ್ಡ್. ರೌಂಡ್ಸ್ ಮುಗಿಸಿ ಲ್ಯಾಬಿನ ಕಡೆ ಓಡುತ್ತಿದ್ದವಳನ್ನು ಒಬ್ಬ ಅಜ್ಜಿ ಏಪ್ರನ್ನಿನ ತುದಿ ಹಿಡಿದು ನಿಲ್ಲಿಸಿದರು. "ಸ್ಕ್ಯಾನಿಂಗ್‌ನಲ್ಲಿ ಏನ್ ಬಂತವ್ವಾ?" "ನಾಲ್ಕು ಗಂಟೆಗೆ ಬಂದು ಹೇಳ್ತೀನಿ ಅಜ್ಜಿ" ಅಂದೆ. ಅಂದೆ, ಮರೆತೆ. ಕ್ಯಾಜುವಾಲ್ಟಿಯಿಂದ ಕರೆ ಬಂತು, ಆಮೇಲೆ ಇನ್ನೇನೋ ಬಂತು. ರಾತ್ರಿ ಎಂಟೂವರೆಗೆ ವಾರ್ಡಿಗೆ ಬಂದರೆ ಅಜ್ಜಿ ಮಂಚದ ಮೇಲೆ ಕೂತೇ ಇದ್ದರು. ಡಾಕ್ಟರು ನಾಲ್ಕಕ್ಕೆ ಬರ್ತಾರೆ ಅಂತ ಅವರ ಮಗ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದನಂತೆ. ಕಾದು ಕಾದು ಊರಿನ ಕಡೇ ಬಸ್ಸಿಗೆ ವಾಪಸ್ ಹೋಗಿದ್ದ.

ಅಜ್ಜಿ ಬೈಯಲಿಲ್ಲ. "ಬುಡವ್ವ, ನಿಮ್ಗೂ ಬೋ ಕೆಲ್ಸ" ಅಂದರು. ಆದರೆ ಮಾರನೆಯ ದಿನದಿಂದ ನನ್ನನ್ನು ಏನೂ ಕೇಳಲಿಲ್ಲ. ಪಿ.ಜಿ. (ಸ್ನಾತಕೋತ್ತರ ಓದುತ್ತಿರುವ ಹಿರಿಯ ಡಾಕ್ಟರು) ಬರುವವರೆಗೆ ಸುಮ್ಮನೆ ಕಾಯುತ್ತಿದ್ದರು.

ಇವತ್ತು ನಾನೇ ಹೊಸ ಹೌಸ್ ಸರ್ಜನ್‌ಗಳಿಗೆ ವಾರ್ಡ್ ತೋರಿಸುತ್ತೇನೆ. ಮೊದಲ ದಿನ ಎಲ್ಲರ ಮುಖದಲ್ಲೂ ಒಂದೇ ಭಯ: ನನಗೇನೂ ಗೊತ್ತಿಲ್ಲ ಅಂತ ರೋಗಿಗೆ ಗೊತ್ತಾಗಿಬಿಟ್ಟರೆ? ನಿಮಗೆ ಎಷ್ಟು ಗೊತ್ತು ಅಂತ ಅಳೆಯುವ ದಾರಿಯೇ ರೋಗಿಗಿಲ್ಲ. ನಿಮ್ಮ ರ‍್ಯಾಂಕ್ ಅವರಿಗೆ ಕಾಣುವುದಿಲ್ಲ. ಕಾಣುವುದು ಬೇರೆ: ಬರ್ತೀನಿ ಅಂದವರು ಬಂದರಾ, ಕೈ ತೊಳೆದರಾ, ಪರದೆ ಎಳೆದರಾ, ಸುಳ್ಳು ಹೇಳಿದರಾ. ಅವರು ಲೆಕ್ಕ ಹಾಕುವುದು ಇದನ್ನೇ. ನೋಡಿ, ಇದರಲ್ಲಿ ಒಂದಕ್ಕೂ ಎಂ.ಡಿ. ಬೇಕಿಲ್ಲ.

ಎಂಬಿಬಿಎಸ್ ಪಠ್ಯಕ್ರಮಕ್ಕೆ 2019ರಿಂದ ಎಟ್‌ಕಾಮ್ ಅಂತ ಒಂದು ಭಾಗ ಸೇರಿದೆ. ವೈದ್ಯರ ನಡತೆ, ನೀತಿ, ರೋಗಿಯ ಜೊತೆ ಮಾತಾಡುವ ಬಗೆಯನ್ನು ತರಗತಿಯಲ್ಲೇ ಹೇಳಿಕೊಡುತ್ತಾರೆ. ಒಳ್ಳೆಯದೇ. ಆದರೆ ನಲವತ್ತು ಮಂಚದ ವಾರ್ಡಿನಲ್ಲಿ, ಮೂವತ್ತು ಗಂಟೆ ನಿದ್ದೆಗೆಟ್ಟು ನಿಂತಾಗ ಅದನ್ನು ಮಾಡುವುದು ಹೇಗೆ ಅನ್ನುವುದಕ್ಕೆ ಈ ಬರಹ. ರೋಗಿ ವಾರ್ಡಿಗೆ ಬಂದಲ್ಲಿಂದ ಮನೆಗೆ ಹೋಗುವ ತನಕದ ಕ್ರಮದಲ್ಲೇ ಬರೆದಿದ್ದೇನೆ.

1. ನೀವು ಯಾರು ಅಂತ ಮೊದಲು ಹೇಳಿ

"ನಮಸ್ಕಾರ ಅಮ್ಮ, ನನ್ನ ಹೆಸರು ಇಂಥದ್ದು. ನಾನು ಈ ಯೂನಿಟ್‌ನ ಹೌಸ್ ಸರ್ಜನ್. ಅಂದ್ರೆ ಎಂಬಿಬಿಎಸ್ ಓದು ಮುಗಿಸಿ ದೊಡ್ಡ ಡಾಕ್ಟರ ಕೈಕೆಳಗೆ ಒಂದು ವರ್ಷ ಕೆಲಸ ಕಲೀತಿದೀನಿ. ನಿಮ್ಮ ವಿಚಾರ ಎಲ್ಲ ಕೇಳಿ ಬರ್ಕೊಂಡು ಅವರಿಗೆ ತೋರಿಸ್ತೀನಿ."

ಹತ್ತು ಸೆಕೆಂಡಿನ ಮಾತು. ಆದರೂ ಹೇಳುವವರು ಕಮ್ಮಿ. ಬ್ರಿಟನ್ನಿನಲ್ಲಿ ಕೇಟ್ ಗ್ರೇಂಜರ್ ಎಂಬ ವೈದ್ಯೆ ಇದ್ದರು. ಕ್ಯಾನ್ಸರ್ ಬಂದು ತಾವೇ ಆಸ್ಪತ್ರೆಯಲ್ಲಿ ಮಲಗಿದಾಗ, ಹತ್ತಿರ ಬಂದವರಲ್ಲಿ ಎಷ್ಟೋ ಜನ ತಮ್ಮ ಹೆಸರೇ ಹೇಳುತ್ತಿಲ್ಲ ಅನ್ನುವುದು ಅವರಿಗೆ ಕಂಡಿತು. 2013ರಲ್ಲಿ "ನಮಸ್ಕಾರ, ನನ್ನ ಹೆಸರು..." ಎಂಬ ಅಭಿಯಾನ ಶುರು ಮಾಡಿದರು. 2016ರಲ್ಲಿ ತೀರಿಕೊಂಡರು. ಅಭಿಯಾನ ಉಳಿದಿದೆ.

ಕಲಿಯುತ್ತಿದ್ದೀನಿ ಅಂದರೆ ರೋಗಿ ಮುಟ್ಟಿಸಿಕೊಳ್ಳುವುದಿಲ್ಲ ಅಂತ ಹೆದರಿ ಕೆಲವರು ಮುಚ್ಚಿಡುತ್ತಾರೆ. ಹಾಗೆ ಬೇಡ ಅಂದವರನ್ನು ನಾನು ನೋಡಿದ್ದು ತೀರಾ ಕಡಿಮೆ. "ನನ್ ಮೊಮ್ಮಗಳೂ ಓದ್ತವಳೆ" ಅಂತ ಪಕ್ಕಕ್ಕೆ ಸರಿದು ಜಾಗ ಕೊಟ್ಟವರೇ ಜಾಸ್ತಿ. ಮುಚ್ಚಿಟ್ಟು, ಆಮೇಲೆ ರೌಂಡ್ಸ್‌ನಲ್ಲಿ ಎಲ್ಲರ ಮುಂದೆ ಬೈಸಿಕೊಂಡಾಗ ರೋಗಿಗೆ ವಿಷಯ ಗೊತ್ತಾಗುತ್ತದಲ್ಲ, ಅದು ಕಷ್ಟ.

ನಿಮ್ಮ ಗಡಿ ನಿಮಗೂ ಗೊತ್ತಿರಲಿ. 12 ತಿಂಗಳ ಈ ತರಬೇತಿಯಲ್ಲಿ ನೀವು ಹಿರಿಯರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ವೈದ್ಯಕೀಯ ಸರ್ಟಿಫಿಕೇಟ್, ಮರಣದ ಸರ್ಟಿಫಿಕೇಟ್, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ) ಕಾಗದಗಳಿಗೆ ನಿಮ್ಮ ಸಹಿ ಹಾಕುವಂತಿಲ್ಲ. ಊರಿನವರೊಬ್ಬರು ಬಂದು "ಎರಡು ದಿನದ ರಜೆಗೆ ಒಂದು ಸರ್ಟಿಫಿಕೇಟ್ ಕೊಡಮ್ಮ" ಅಂತ ಕೇಳೇ ಕೇಳುತ್ತಾರೆ. ಆಗ ಈ ನಿಯಮ ನಿಮ್ಮನ್ನು ಕಾಪಾಡುತ್ತದೆ.

2. ಬನ್ನಿ, ಕೂತ್ಕೊಳ್ಳಿ

ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಅಂಟಿದ ಒಂದು ಕೆಟ್ಟ ಅಭ್ಯಾಸ ಏಕವಚನ. "ಏಯ್, ಇಲ್ ಬಾ. ನಾಲಿಗೆ ತೋರ್ಸು. ಎಷ್ಟು ದಿನದಿಂದ ಕೆಮ್ಮು ನಿಂಗೆ?" ಎದುರಿಗೆ ನಿಂತವರಿಗೆ ನಮ್ಮಪ್ಪನ ವಯಸ್ಸು. ಇದೇ ಡಾಕ್ಟರು ಸಂಜೆ ಖಾಸಗಿ ಕ್ಲಿನಿಕ್‌ನಲ್ಲಿ "ಬನ್ನಿ ಸರ್, ಕೂತ್ಕೊಳ್ಳಿ" ಅನ್ನುವುದನ್ನೂ ನೋಡಿದ್ದೇನೆ. ಹಂಗಾದರೆ ಏಕವಚನ ವಯಸ್ಸಿಗೆ ಅಲ್ಲ, ಉಟ್ಟ ಬಟ್ಟೆಗೆ ಅಂತಾಯಿತು ಅಲ್ವಾ?

ನಿಯಮ ಸರಳ. ದೊಡ್ಡವರು ಯಾರೇ ಆಗಲಿ, ಬಹುವಚನ. ಕುಡಿದು ಬಿದ್ದು ಬಂದವರಿಗೂ, ಪೊಲೀಸರು ಕರೆತಂದ ಕೈದಿಗೂ. ಅಜ್ಜಿ, ಅಮ್ಮ, ಅಣ್ಣ, ಯಜಮಾನ್ರೇ, ಉತ್ತರ ಕರ್ನಾಟಕದ ಕಡೆ ಆದರೆ ಅಕ್ಕಾರ, ಕಾಕಾ... ನಿಮ್ಮ ಬಾಯಿಗೆ ಸಲೀಸಾಗಿದ್ದನ್ನು ಕರೆಯಿರಿ. ಅವರು ನಿಮಗೆ "ನೀನು" ಅಂದರೆ ಬೇಸರ ಮಾಡಿಕೊಳ್ಳಬೇಡಿ. ಹಳ್ಳಿಯ ಅಜ್ಜಿಯ "ನೀನು" ಬೇರೆಯದೇ, ಅದು ಮನೆಯ ಮಗುವನ್ನು ಕರೆಯುವ ಮಾತು. ಅದೇ "ನೀನು" ಅನ್ನು ನೀವು ವಾಪಸ್ ಕೊಟ್ಟರೆ ಅರ್ಥ ಬದಲಾಗುತ್ತದೆ.

ಇನ್ನೊಂದು, ಬೆಡ್ ನಂಬರಿನಿಂದ ಕರೆಯುವುದು. "ಹದಿನಾಲ್ಕಕ್ಕೆ ಗ್ಲೂಕೋಸ್ ಮುಗೀತು." ರೋಗಿಯ ಕಿವಿಗೆ ಬೀಳುವ ಕಡೆ ಹೆಸರು ಹೇಳಿ. ನೆನಪಿರದಿದ್ದರೆ ಕೇಸ್ ಶೀಟ್ ಮೇಲೆ ಕಣ್ಣು ಹಾಯಿಸಿಯೇ ಮಂಚದ ಹತ್ತಿರ ಹೋಗಿ.

3. ಬಾಯಿ ಮುಚ್ಚಿ ಒಂದು ನಿಮಿಷ

1984ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ವೈದ್ಯರು ರೋಗಿಗಳ ಮಾತನ್ನು ಎಷ್ಟು ಹೊತ್ತು ಕೇಳುತ್ತಾರೆ ಅಂತ ಅಳೆದು ನೋಡಿದರು. ಸರಾಸರಿ 18 ಸೆಕೆಂಡಿಗೆ ವೈದ್ಯರು ಅಡ್ಡ ಬಾಯಿ ಹಾಕುತ್ತಿದ್ದರು. ನಮ್ಮ ಓಪಿಡಿಯಲ್ಲಿ ಅಳೆದರೆ ಏನಾಗಬಹುದು ಅನ್ನುವುದನ್ನು ನಿಮಗೇ ಬಿಡುತ್ತೇನೆ.

ಮಾಡಬೇಕಾದ್ದು ಇಷ್ಟು. ಸ್ಟೂಲ್ ಎಳೆದು ಕೂತುಕೊಳ್ಳಿ. ಪೆನ್ ಕೆಳಗಿಡಿ. "ಏನಾಯ್ತು, ಮೊದಲಿಂದ ಹೇಳಿ" ಅನ್ನಿ. ಒಂದು ನಿಮಿಷ ಬಾಯಿ ಬಿಡಬೇಡಿ. ಅವರು ಎಮ್ಮೆ ಕರು ಹಾಕಿದ ದಿನದಿಂದ ಶುರು ಮಾಡಬಹುದು. ಮಾಡಲಿ. ಎದೆ ನೋವು ಬಂದಿದ್ದು ಯಾವಾಗ ಅನ್ನುವುದಕ್ಕೆ ಅವರ ಕ್ಯಾಲೆಂಡರ್ ಆ ಕರುವೇ.

ಅವರ ಮಾತಿನ ಅರ್ಥ ನಿಮಗೆ ಗೊತ್ತು ಅಂತ ಅಂದುಕೊಳ್ಳಬೇಡಿ. "ಗ್ಯಾಸ್ಟ್ರಿಕ್" ಅಂದರೆ ಎದೆ ಉರಿ ಇರಬಹುದು, ಹೊಟ್ಟೆ ಉಬ್ಬರ ಇರಬಹುದು, ಹೃದಯಾಘಾತವೂ ಇರಬಹುದು. "ಸುಸ್ತು" ಅಂದರೆ ರಕ್ತ ಕಮ್ಮಿ ಇರಬಹುದು, ಮಗಳ ಮದುವೆ ಮುರಿದಿರಬಹುದು. "ನರ ಎಳೀತದೆ" ಅಂದಾಗ ಯಾವ ನರ ಅಂತ ಪಠ್ಯಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೈಯಿಂದ ತೋರಿಸಿ ಅನ್ನಿ, ಸಾಕು. ಹೆಂಗಸರು "ಬಿಳಿ ಸೆರಗು" ಅನ್ನುವ ಮಾತನ್ನು ಎಲ್ಲಕ್ಕಿಂತ ಕೊನೆಗೆ, ಎದ್ದು ಹೋಗುವಾಗ ಹೇಳುತ್ತಾರೆ. ಆ ಕಡೇ ಮಾತಿಗೆ ಕಾಯಿರಿ.

ನನ್ನ ಬ್ಯಾಚಿನಲ್ಲಿ ರಾಜಸ್ಥಾನದ ಹುಡುಗನೊಬ್ಬನಿದ್ದ. ಮೊದಲ ವಾರ ಅವನಿಗೆ ಬರುತ್ತಿದ್ದ ಕನ್ನಡ "ಊಟ ಆಯ್ತಾ" ಒಂದೇ. ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡು ರೋಗಿಗಳಿಂದಲೇ ಕಲಿತ: ಉಬ್ಬಸ, ಬೇದಿ, ತಲೆಸುತ್ತು, ಉರಿಮೂತ್ರ, ಜೋಮು. ತಪ್ಪು ತಪ್ಪಾಗಿ ಹೇಳುತ್ತಿದ್ದ, ವಾರ್ಡೆಲ್ಲ ನಗುತ್ತಿತ್ತು, ತಿದ್ದುತ್ತಿತ್ತು. ಕನ್ನಡ ಮಾತೃಭಾಷೆಯಾದ ನಮಗಿಂತ ಅವನ ಹತ್ತಿರವೇ ಜನ ಜಾಸ್ತಿ ಬಿಚ್ಚಿ ಮಾತಾಡುತ್ತಿದ್ದರು. ಹೊರ ರಾಜ್ಯದಿಂದ ಬಂದವರು ಇದನ್ನು ಮೊದಲ ದಿನವೇ ಶುರು ಮಾಡಿ.

ನಾಟಿ ಔಷಧಿಯ ವಿಚಾರ ಕೇಳಲೇಬೇಕು. ಕೇಳುವ ದನಿ ಮುಖ್ಯ. "ಸೊಪ್ಪು ಗಿಪ್ಪು ತಿಂದ್ಯಾ?" ಅಂದರೆ "ಇಲ್ಲ" ಅನ್ನುತ್ತಾರೆ. "ಕಾಮಾಲೆಗೆ ಊರಲ್ಲಿ ಔಷಧಿ ಕೊಡ್ತಾರಲ್ಲ, ಏನಾದ್ರೂ ತಗೊಂಡಿದ್ರಾ? ತಗೊಂಡಿದ್ರೂ ಪರವಾಗಿಲ್ಲ, ಗೊತ್ತಿದ್ರೆ ನಮಗೆ ಅನುಕೂಲ" ಅಂದರೆ ಸೆರಗಿನ ಗಂಟಿನಿಂದ ಪುಡಿಯ ಪೊಟ್ಟಣವೇ ಹೊರಗೆ ಬರುತ್ತದೆ. ಹಾಗೆಯೇ, ಮೊದಲು ನೋಡಿದ ಡಾಕ್ಟರ ಚೀಟಿ ನೋಡಿ "ಇದನ್ನ ಯಾರು ಕೊಟ್ಟಿದ್ದು?" ಅಂತ ಹುಬ್ಬು ಹಾರಿಸಬೇಡಿ. ಅವರು ನೋಡಿದ ದಿನ ರೋಗ ಹೇಗಿತ್ತೋ ನಿಮಗೆ ಗೊತ್ತಿಲ್ಲ.

4. ಮುಟ್ಟುವ ಮೊದಲು

ಕೈ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದು. ಅವರು ನೋಡುತ್ತಿರುವಾಗ, ಅವರ ಎದುರಿಗೇ ಮಾಡಿ.

ಪರದೆ. ನಮ್ಮ ವಾರ್ಡುಗಳಲ್ಲಿ ಪರದೆಯ ಸ್ಟ್ಯಾಂಡ್ ಒಂದೇ ಇರುತ್ತದೆ, ಅದರ ಚಕ್ರ ಕೆಟ್ಟಿರುತ್ತದೆ. ಎಳೆದು ತನ್ನಿ. ಅದೂ ಇಲ್ಲದಿದ್ದರೆ ಇಬ್ಬರು ಒಂದು ಬೆಡ್‌ಶೀಟ್ ಹಿಡಿದು ನಿಲ್ಲಲಿ. ಹೆಂಗಸರನ್ನು ಗಂಡು ವೈದ್ಯರು ನೋಡುವಾಗ ಸಿಸ್ಟರ್ ಅಥವಾ ಆಯಮ್ಮ ಪಕ್ಕದಲ್ಲಿರಲೇಬೇಕು. ಎಷ್ಟು ಬೇಕೋ ಅಷ್ಟೇ ಬಟ್ಟೆ ಸರಿಸಿ, ಆದ ಕೂಡಲೇ ಮುಚ್ಚಿ. "ಹೊಟ್ಟೆ ಮುಟ್ಟಿ ನೋಡ್ತೀನಿ, ಕೈ ತಣ್ಣಗಿದೆ" ಅಂತ ಹೇಳಿ ಮುಟ್ಟಿ. ನೋವಿರುವ ಜಾಗಕ್ಕೆ ಕೊನೆಗೆ ಹೋಗಿ. ಮುಟ್ಟುವಾಗ ನಿಮ್ಮ ಕಣ್ಣು ಅವರ ಮುಖದ ಮೇಲಿರಲಿ.

ಬಟ್ಟೆ ಬರೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಗೆದ ಏಪ್ರನ್, ಕತ್ತರಿಸಿದ ಉಗುರು, ಕಾಣುವ ಹಾಗೆ ಹೆಸರಿನ ಪಟ್ಟಿ.

5. ಸೂಜಿ

ಹೌಸ್ ಸರ್ಜನ್ ಬಗ್ಗೆ ವಾರ್ಡಿನ ತೀರ್ಪು ಬರುವುದು ಇಲ್ಲೇ. "ಆ ಮೇಡಂ ಬಂದ್ರೆ ಗೊತ್ತೇ ಆಗಲ್ಲ", "ಆ ಸರ್ ಬೇಡಪ್ಪ, ಕೈಯೆಲ್ಲ ತೂತು ಮಾಡ್ತಾರೆ". ಸಂಜೆಯೊಳಗೆ ಇಡೀ ವಾರ್ಡಿಗೆ ಗೊತ್ತಾಗಿರುತ್ತದೆ.

ಮೊದಲು ಕೇಳಿ: "ಯಾವ ಕೈಯಲ್ಲಿ ಸಲೀಸಾಗಿ ನರ ಸಿಗತ್ತೆ?" ಪದೇ ಪದೇ ಅಡ್ಮಿಟ್ ಆದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಡಯಾಲಿಸಿಸ್‌ಗೆ ಫಿಸ್ಟುಲಾ (ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಮಾಡಿಸಿದ ಕೈ ಇದ್ದರೆ ಅದನ್ನು ಮುಟ್ಟಲೇಬೇಡಿ. ಬೇಕಾದ್ದೆಲ್ಲ ಟ್ರೇಯಲ್ಲಿ ಜೋಡಿಸಿಕೊಂಡು ಹೋಗಿ. ಸೂಜಿ ಚುಚ್ಚಿದ ಮೇಲೆ "ಹತ್ತಿ ಎಲ್ಲಿ" ಅಂತ ಹುಡುಕುವವರನ್ನು ಯಾರು ತಾನೇ ನಂಬುತ್ತಾರೆ? ಕೈಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. "ಈಗ ಇರುವೆ ಕಚ್ಚಿದ ಹಾಗೆ ಆಗತ್ತೆ" ಅಂತ ಮಕ್ಕಳಿಗೆ ಸುಳ್ಳು ಹೇಳಬೇಡಿ. "ನೋವಾಗತ್ತೆ, ಹತ್ತು ಎಣಿಸೋದ್ರೊಳಗೆ ಮುಗಿಯತ್ತೆ" ಅನ್ನಿ, ಜೊತೆಗೆ ಎಣಿಸಿ.

ಎರಡು ಸಲ ಪ್ರಯತ್ನ. ಸಿಗಲಿಲ್ಲ ಅಂದರೆ ನಿಲ್ಲಿಸಿ. "ಕ್ಷಮಿಸಿ ಅಮ್ಮ, ನನಗೆ ಸಿಗ್ತಿಲ್ಲ. ಸಿಸ್ಟರನ್ನ ಕರೀತೀನಿ, ಅವರ ಕೈ ಚೆನ್ನಾಗಿದೆ." ಇಪ್ಪತ್ತು ವರ್ಷ ವಾರ್ಡಿನಲ್ಲಿ ಸವೆದ ಸಿಸ್ಟರ್ ಬಂದು ಒಂದೇ ಸಲಕ್ಕೆ ಹಾಕಿ ಹೋಗುತ್ತಾರೆ. ನೀವು ಪಕ್ಕದಲ್ಲೇ ನಿಂತು ನೋಡಿ, ಓಡಿ ಹೋಗಬೇಡಿ. ಮೂರನೇ ಸಲ, ನಾಲ್ಕನೇ ಸಲ ಹಟಕ್ಕೆ ಬಿದ್ದು ಚುಚ್ಚುವುದು ಕಲಿಕೆ ಅಲ್ಲ.

ಮತ್ತೆ ಆ ಹಳೆಯ ದೂರು: "ದಿನಾ ಇಷ್ಟಿಷ್ಟು ರಕ್ತ ಎಳ್ಕೊಂಡ್ರೆ ಮೈಯಲ್ಲಿ ಏನ್ ಉಳೀತದೆ?" ನಗಬೇಡಿ. ಅವರಿಗೆ ಅದು ನಿಜವಾದ ಭಯ. "ಈ ಎರಡು ಟ್ಯೂಬ್ ಸೇರಿದ್ರೆ ಎರಡು ಟೀ ಚಮಚದಷ್ಟು. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ಇರತ್ತೆ" ಅಂತ ಹೇಳಿ. ಯಾವ ಪರೀಕ್ಷೆಗೆ ಅಂತಲೂ ಹೇಳಿ.

6. "ಗೊತ್ತಿಲ್ಲ" ಅನ್ನುವುದನ್ನು ಕಲಿಯಿರಿ

"ಗೊತ್ತಿಲ್ಲ" ಅಂತ ಅಲ್ಲಿಗೇ ಬಿಟ್ಟರೆ ಕೆಟ್ಟ ಉತ್ತರ. "ನನಗೆ ಈಗ ಗೊತ್ತಿಲ್ಲ. ಪಿ.ಜಿ. ಡಾಕ್ಟರನ್ನ ಕೇಳಿ ಸಂಜೆ ಐದರೊಳಗೆ ಬಂದು ಹೇಳ್ತೀನಿ" ಅನ್ನುವುದು ಒಳ್ಳೆಯ ಉತ್ತರ. ಆದರೆ ಐದಕ್ಕೆ ಹೋಗಲೇಬೇಕು. ಉತ್ತರ ಸಿಕ್ಕಿರದಿದ್ದರೂ ಹೋಗಿ: "ಇನ್ನೂ ರಿಪೋರ್ಟ್ ಬಂದಿಲ್ಲ, ನಾಳೆ ರೌಂಡ್ಸ್‌ನಲ್ಲಿ ಕೇಳ್ತೀನಿ."

ಅಜ್ಜಿಯ ಪ್ರಸಂಗ ಆದಮೇಲೆ ನಾನು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳತೊಡಗಿದೆ. ಯಾರಿಗೆ ಏನು ಹೇಳಿದೆ, ಎಷ್ಟು ಗಂಟೆಗೆ. ಮುಗಿದದ್ದನ್ನು ಗೀಟು ಹಾಕಿ ಹೊಡೆಯುವುದು. ರಾತ್ರಿ ಹಾಸ್ಟೆಲಿಗೆ ಹೋಗುವ ಮೊದಲು ಚೀಟಿ ಖಾಲಿ ಆಗಿರಬೇಕು. ಇನ್ನೂ ಒಂದು ಮಾಡಿದೆ: ಗಂಟೆ ಹೇಳುವುದನ್ನೇ ಕಡಿಮೆ ಮಾಡಿದೆ. "ನಾಲ್ಕಕ್ಕೆ" ಅನ್ನುವ ಬದಲು "ರಾತ್ರಿ ಊಟದೊಳಗೆ" ಅಂತ ಹೇಳಿ, ಅದಕ್ಕಿಂತ ಬೇಗ ಹೋಗುವುದು.

"ಏನೂ ಆಗಲ್ಲ ಬಿಡಿ" ಅನ್ನುವ ಮಾತನ್ನು ಮಾತ್ರ ಬಾಯಿಂದ ತೆಗೆದುಹಾಕಿ. ಏನಾದರೂ ಆಗಿಬಿಟ್ಟರೆ?

7. ಸಹಿ ಬೇರೆ, ಒಪ್ಪಿಗೆ ಬೇರೆ

"ಹೋಗಿ ಕನ್ಸೆಂಟ್ ಹಾಕಿಸ್ಕೊಂಡು ಬಾ" ಅಂತ ನಿಮ್ಮನ್ನು ಅಟ್ಟುತ್ತಾರೆ. ಫಾರ್ಮ್ ಹಿಡಿದು ಹೋಗುತ್ತೀರಿ, ಮಗ ಸಹಿ ಹಾಕುತ್ತಾನೆ, ರೋಗಿ ಸೂರು ನೋಡುತ್ತಾ ಮಲಗಿರುತ್ತಾರೆ. ಪ್ರಜ್ಞೆ ಇರುವ, ತಿಳಿವಳಿಕೆ ಇರುವ ದೊಡ್ಡವರ ಒಪ್ಪಿಗೆ ಕೊಡಬೇಕಾದವರು ಅವರೇ. ಮಗ ಅಲ್ಲ, ಗಂಡ ಅಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ, ಬರೀ ಪರೀಕ್ಷೆಗೆ ಅಂತ ಒಪ್ಪಿದ್ದ ಮಹಿಳೆಗೆ ಅರಿವಳಿಕೆಯಲ್ಲಿದ್ದಾಗಲೇ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ ಅದು ಒಪ್ಪಿಗೆ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು.

ಹಾಗಾಗಿ: ಏನು ಮಾಡುತ್ತಾರೆ, ಯಾಕೆ, ಏನು ತೊಂದರೆ ಆಗಬಹುದು, ಬೇರೆ ದಾರಿ ಇದೆಯಾ, ಮಾಡಿಸದಿದ್ದರೆ ಏನಾಗುತ್ತದೆ. ಇಷ್ಟನ್ನು ಅವರ ಭಾಷೆಯಲ್ಲಿ ಹೇಳಲು ನಿಮಗೆ ಬರದಿದ್ದರೆ ಆ ಫಾರ್ಮ್ ಹಿಡಿದು ಹೋಗಬೇಡಿ. "ಸರ್, ನೀವು ಹೇಳಿ, ನಾನು ಪಕ್ಕದಲ್ಲಿ ನಿಂತು ಕಲೀತೀನಿ" ಅನ್ನಿ. ಬೈಯಬಹುದು. ಬೈಸಿಕೊಳ್ಳಿ. ಹೆಬ್ಬೆಟ್ಟು ಒತ್ತುವವರಿಗೆ ಫಾರ್ಮನ್ನು ಪೂರ್ತಿ ಓದಿ ಹೇಳಿ, ಸಾಕ್ಷಿಯನ್ನೂ ಕೂರಿಸಿಕೊಳ್ಳಿ.

8. ನೋಡದೇ ಬರೆಯಬೇಡಿ

ಪಲ್ಸ್ 82, ಬಿಪಿ 120/80, ಉಸಿರಾಟ 18. ಈ ಮೂರು ಸಂಖ್ಯೆ ಇಡೀ ವಾರ್ಡಿನ ಕೇಸ್ ಶೀಟುಗಳಲ್ಲಿ ಸಾಲಾಗಿ ಕೂತಿದ್ದರೆ ಅವತ್ತು ಯಾರೋ ನಿದ್ದೆ ಮಾಡಿದ್ದಾರೆ ಅಂತ ಅರ್ಥ. ನನ್ನ ಗೆಳತಿಯೊಬ್ಬಳು "ಎರಡೂ ಕಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗುತ್ತಿವೆ" ಅಂತ ಬರೆದಿದ್ದಳು. ಚೀಫ್ ರೌಂಡ್ಸ್‌ನಲ್ಲಿ ಟಾರ್ಚ್ ಹಾಕಿದರು. ಎಡಗಣ್ಣು ಗಾಜಿನದು. ಚೀಫ್ ಏನೂ ಹೇಳಲಿಲ್ಲ. ಯಜಮಾನರೇ ನಗುತ್ತಾ "ಆ ಮೇಡಂ ನನ್ ಹತ್ರ ಬಂದೇ ಇಲ್ಲ ಸಾ" ಅಂದರು.

ನೋಡಿಲ್ಲ ಅಂದರೆ "ನೋಡಿಲ್ಲ" ಅಂತ ಬರೆಯಿರಿ. ಸಮಯ, ದಿನಾಂಕ, ಹೆಸರು ಹಾಕಿ. ತಪ್ಪಾದರೆ ಒಂದೇ ಗೀಟು ಹೊಡೆದು ಪಕ್ಕದಲ್ಲಿ ಸಹಿ ಮಾಡಿ, ವೈಟ್ನರ್ ಬೇಡ. ಈ ದಾಖಲೆ ನಿಮ್ಮ ಸ್ವಂತದ್ದಲ್ಲ. ವೈದ್ಯರ ನಡತೆ ಕುರಿತ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ಅದನ್ನು ಕೊಡಬೇಕು.

9. ತಪ್ಪಾದಾಗ

ಆಗುತ್ತದೆ. ನನ್ನದನ್ನೇ ಹೇಳುತ್ತೇನೆ.

ವಾರ್ಡಿನಲ್ಲಿ ಅವತ್ತು ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಇಬ್ಬರಿಗೂ ರಕ್ತ ಹಾಕಬೇಕಿತ್ತು. ಇಬ್ಬರ ಸ್ಯಾಂಪಲ್ಲನ್ನೂ ಒಟ್ಟಿಗೆ ತೆಗೆದು, ಟ್ರೇಯಲ್ಲಿಟ್ಟು, ಸಿಸ್ಟರ್ ಟೇಬಲ್ಲಿಗೆ ಬಂದು ಲೇಬಲ್ ಬರೆದೆ. ಅರ್ಧ ಗಂಟೆಗೆ ಬ್ಲಡ್ ಬ್ಯಾಂಕಿನಿಂದ ಫೋನ್. ಒಬ್ಬರ ಗ್ರೂಪ್ ಹಿಂದಿನ ಸಲ ಅಡ್ಮಿಟ್ ಆಗಿದ್ದಾಗಿನ ದಾಖಲೆಗೆ ಹೊಂದುತ್ತಿಲ್ಲ. ಕಾಲು ತಣ್ಣಗಾಯಿತು. ಆ ಹಳೇ ದಾಖಲೆ ಇರದಿದ್ದರೆ ಬೇರೆಯವರ ಗ್ರೂಪಿನ ರಕ್ತ ಅವರ ಮೈಗೆ ಹೋಗುತ್ತಿತ್ತು.

ಪಿ.ಜಿ.ಗೆ ಹೇಳಿದೆ. ಅವರು ಒಂದೇ ಮಾತು ಅಂದರು: "ಇಬ್ಬರಿಗೂ ಹೋಗಿ ಹೇಳು, ಮತ್ತೆ ತೆಗಿ." ಸ್ಯಾಂಪಲ್ ಹಾಳಾಗಿದೆ ಅಂತ ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಹೋದೆ. "ಅಮ್ಮ, ನಿಮ್ಮ ಟ್ಯೂಬಿನ ಮೇಲೆ ಹೆಸರು ಬರೆಯುವಾಗ ನಾನು ತಪ್ಪು ಮಾಡಿದೆ. ರಕ್ತ ಹಾಕೋಕೆ ಮುಂಚೆನೇ ಗೊತ್ತಾಯ್ತು, ಏನೂ ತೊಂದರೆ ಆಗಿಲ್ಲ. ಮತ್ತೆ ಒಂದ್ಸಲ ಚುಚ್ಚಬೇಕು. ಕ್ಷಮಿಸಿ." ಒಬ್ಬರು ಸುಮ್ಮನೆ ಕೈ ಚಾಚಿದರು. ಇನ್ನೊಬ್ಬರು ಜೋರಾಗಿ ಬೈದರು, ಗಂಡನಿಗೂ ಫೋನ್ ಮಾಡಿ ಹೇಳಿದರು. ಎರಡೂ ಸರಿಯೇ.

ಕ್ರಮ ಇದು: ಮೊದಲು ರೋಗಿಗೆ ಅಪಾಯ ಆಗದಂತೆ ನೋಡಿಕೊಳ್ಳಿ. ಕೂಡಲೇ ಹಿರಿಯರಿಗೆ ತಿಳಿಸಿ. ಆಮೇಲೆ ಅವರ ಜೊತೆಗೇ ಹೋಗಿ ರೋಗಿಗೆ ನೇರವಾಗಿ ಹೇಳಿ. ಆದದ್ದನ್ನು ಆದ ಹಾಗೇ ದಾಖಲಿಸಿ. ಮತ್ತೆ ಆಗದ ಹಾಗೆ ಏನು ಬದಲಿಸಬೇಕು ಅಂತ ನೋಡಿ. ಅವತ್ತಿನಿಂದ ನಾನು ಮಂಚದ ಪಕ್ಕದಲ್ಲೇ, ರೋಗಿಯ ಬಾಯಿಂದ ಹೆಸರು ಹೇಳಿಸಿಕೊಂಡು, ಊರು ಕೇಳಿ, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡುವ ನಂಬರ್) ನೋಡಿ ಲೇಬಲ್ ಬರೆಯುತ್ತೇನೆ. ಇವತ್ತಿಗೂ.

10. ವಾರ್ಡಿನ ಮಾತು ವಾರ್ಡಿನಲ್ಲೇ

ಲಿಫ್ಟ್, ಕ್ಯಾಂಟೀನು, ಸಿಟಿ ಬಸ್ಸು. ಈ ಮೂರೂ ಕಡೆ ರೋಗಿಯ ಮಾತು ಎತ್ತಬೇಡಿ, ನಿಮ್ಮ ಹಿಂದೆ ನಿಂತವರು ಅವರ ಭಾಮೈದ ಆಗಿರುತ್ತಾರೆ. ರೋಗಿಯ ಫೋಟೋ, ಎಕ್ಸ್‌ರೇ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಹೆಸರು ಅಳಿಸಿದ್ದೀರಾ, ಕೇಳಿದ್ದೀರಾ ನೋಡಿ. ರೀಲ್ಸ್ ವಾರ್ಡಿನೊಳಗೆ ಬೇಡವೇ ಬೇಡ.

ಎಚ್‌ಐವಿ ವಿಚಾರದಲ್ಲಿ 2017ರ ಕಾನೂನು ಸ್ಪಷ್ಟವಾಗಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ, ಫಲಿತಾಂಶ ಗುಟ್ಟು. ನಾನು ಕಲಿಯುವಾಗ ಒಂದು ವಾರ್ಡಿನಲ್ಲಿ ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಮಂಚಕ್ಕೆ ತೂಗುಹಾಕಿದ್ದರು. ಪಕ್ಕದ ಮಂಚದವರು ಟೀ ಲೋಟ ದೂರ ಸರಿಸುವುದನ್ನು ನೋಡಿದೆ. ಎಲ್ಲ ರೋಗಿಗಳ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ, ಗ್ಲೌಸ್ ಹಾಕಿಯೇ ಮುಟ್ಟಿದರೆ ಆ ಕೆಂಪು ಅಕ್ಷರದ ಅಗತ್ಯವೇ ಇಲ್ಲ.

11. "ಅವರಿಗೆ ಹೇಳ್ಬೇಡಿ ಡಾಕ್ಟ್ರೇ"

ಕ್ಯಾನ್ಸರ್ ಅಂತ ಗೊತ್ತಾದ ದಿನ ಕಾರಿಡಾರಿನಲ್ಲಿ ಮಗ ನಿಮ್ಮ ಕೈ ಹಿಡಿದು ಹೇಳುವ ಮಾತಿದು. ಪ್ರೀತಿಯಿಂದಲೇ ಹೇಳುತ್ತಾರೆ. ಬೈಯಬೇಡಿ. ಹಾಗಂತ "ಆಯ್ತು" ಅಂತಲೂ ಮಾತು ಕೊಡಬೇಡಿ. "ನಾವಾಗಿ ಏಕ್‌ದಂ ಹೇಳಲ್ಲ. ಆದ್ರೆ ಅಪ್ಪನೇ ಕೇಳಿದ್ರೆ ನಾನು ಸುಳ್ಳು ಹೇಳೋಕಾಗಲ್ಲ. ನೀವು, ನಾನು, ದೊಡ್ಡ ಡಾಕ್ಟರು ಒಟ್ಟಿಗೆ ಕೂತು ಮಾತಾಡೋಣ" ಅನ್ನಿ.

ಇಂಥ ಸುದ್ದಿಯನ್ನು ಹೌಸ್ ಸರ್ಜನ್ ಒಬ್ಬರೇ ಹೇಳುವ ಹಾಗಿರಬಾರದು. ಹಿರಿಯರು ಹೇಳುವಾಗ ಪಕ್ಕದಲ್ಲಿ ಕೂತು ನೋಡಿ. 2000ದಲ್ಲಿ ಪ್ರಕಟವಾದ ಸ್ಪೈಕ್ಸ್ ಅನ್ನುವ ಆರು ಹೆಜ್ಜೆಯ ಕ್ರಮವನ್ನು ಬಹಳ ಕಡೆ ಕಲಿಸುತ್ತಾರೆ. ಸದ್ದಿಲ್ಲದ ಜಾಗ, ಅವರಿಗೆ ಈಗಾಗಲೇ ಏನು ಗೊತ್ತು ಅನ್ನುವ ವಿಚಾರಣೆ, ಎಷ್ಟು ತಿಳಿಯಲು ಇಷ್ಟ ಅನ್ನುವ ಪ್ರಶ್ನೆ, ಆಮೇಲೆ ಸುದ್ದಿ, ಅಳುವಿಗೆ ಜಾಗ, ಮುಂದಿನ ದಾರಿ. ನನ್ನ ಅನುಭವದಲ್ಲಿ ಎರಡನೇ ಹೆಜ್ಜೆಯೇ ಅರ್ಧ ಕೆಲಸ ಮುಗಿಸುತ್ತದೆ. "ನಿಮಗೆ ಏನಾಗಿದೆ ಅನ್ಸತ್ತೆ ಯಜಮಾನ್ರೇ?" ಅಂತ ಕೇಳಿದರೆ, ಮನೆಯವರೆಲ್ಲ ಸೇರಿ ಮುಚ್ಚಿಟ್ಟ ಮಾತನ್ನು ಅವರೇ ಹೇಳುತ್ತಾರೆ: "ಆ ಗಡ್ಡೆ ಕೆಟ್ಟದ್ದೇ ಅಲ್ವಾ? ಮಗನಿಗೆ ಹೇಳ್ಬೇಡಿ, ಹೆದರ್ಕೋತಾನೆ."

ಹೇಳಿದ ಮೇಲೆ ಸುಮ್ಮನಿರಿ. ಮೌನಕ್ಕೆ ಹೆದರಿ ಕೀಮೋಥೆರಪಿಯ ವಿವರಕ್ಕೆ ಧುಮುಕಬೇಡಿ. ನೀರು ಕೊಡಿ. ಅದೇ ದಿನ ಸಂಜೆ ಮತ್ತೊಮ್ಮೆ ಹೋಗಿ, ಬೆಳಗ್ಗೆ ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಕಿವಿಗೆ ಹೋಗಿರುವುದಿಲ್ಲ.

12. ರೋಗಿಯ ಜೊತೆ ಬಂದವರ ಸಿಟ್ಟು

ಸಿಟ್ಟಿಗೆ ಬಹಳ ಸಲ ಕಾರಣ ಸಾವಲ್ಲ, ಸಾವಿನ ಮೊದಲಿನ ಆರು ಗಂಟೆ ಯಾರೂ ಏನೂ ಹೇಳದೇ ಇದ್ದದ್ದು. ರೋಗಿ ಗಂಭೀರವಾಗಿದ್ದರೆ ಮನೆಯವರಲ್ಲಿ ಒಬ್ಬರನ್ನು ಗುರುತು ಮಾಡಿಕೊಂಡು ಎರಡು ಗಂಟೆಗೊಮ್ಮೆ, ಹೊಸದೇನೂ ಇರದಿದ್ದರೂ, ಹೋಗಿ ಹೇಳಿ. ಕೂಗುವವರ ಜೊತೆ ಕೂಗಬೇಡಿ. "ನನ್ನ ಮೇಲೆ ಯಾಕ್ ಕೂಗ್ತೀರಿ" ಅನ್ನುವುದಕ್ಕಿಂತ "ನಿಮ್ಮ ಜಾಗದಲ್ಲಿ ಯಾರಿದ್ರೂ ಹೀಗೇ ಆಗತ್ತೆ, ಕೂತ್ಕೊಳ್ಳಿ, ಹಿರಿಯರನ್ನ ಕರೀತೀನಿ" ಅನ್ನುವುದು ಕೆಲಸಕ್ಕೆ ಬರುತ್ತದೆ.

ಆದರೆ ಕೈ ಎತ್ತಿದರೆ ಅಲ್ಲಿ ನಿಲ್ಲಬೇಡಿ. ಬಾಗಿಲಿಗೆ ಹತ್ತಿರ ಇರಿ, ಹೊರಗೆ ಬನ್ನಿ, ಸೆಕ್ಯುರಿಟಿ ಮತ್ತು ಹಿರಿಯರನ್ನು ಕರೆಯಿರಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲೆಂದೇ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಹೊಡೆಸಿಕೊಳ್ಳುವುದು ಸೇವೆಯ ಭಾಗವಲ್ಲ.

ಇನ್ನು ಜೇಬಿಗೆ ನೂರು ರೂಪಾಯಿ ತುರುಕುವವರು. ಕೈ ಮುಗಿದು ವಾಪಸ್ ಕೊಡಿ. ಊರಿನ ಹಲಸಿನ ಹಣ್ಣು ತಂದರೆ? ಅದನ್ನು ವಾರ್ಡಿನಲ್ಲೇ ಬಿಡಿಸಿ ಆಯಮ್ಮನಿಂದ ಹಿಡಿದು ಎಲ್ಲರಿಗೂ ಹಂಚಿ ಅಂತ ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

13. ಮನೆಗೆ ಕಳಿಸುವಾಗ

ಉಬ್ಬಸದ ಕಾಯಿಲೆಯ ಒಬ್ಬರು ಒಂದೇ ತಿಂಗಳಲ್ಲಿ ಮೂರನೇ ಸಲ ಅಡ್ಮಿಟ್ ಆದರು. "ಔಷಧಿ ತಪ್ಪದೇ ತಗೋತಿದ್ದೀರಾ?" "ದಿನಾ ಎರಡು ಹೊತ್ತು ತಾಯಿ, ನೀರು ಕುಡ್ದು ನುಂಗ್ತೀನಿ." ಇನ್ಹೇಲರ್ ಯಂತ್ರಕ್ಕೆ ಹಾಕಿ ಉಸಿರಿನಲ್ಲಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲ್ ಅದು. ಚೀಟಿಯಲ್ಲಿ 1-0-1 (ಬೆಳಗ್ಗೆ ಒಂದು, ರಾತ್ರಿ ಒಂದು) ಅಂತ ಇತ್ತು, ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಎರಡು ಸಲ ಡಿಸ್ಚಾರ್ಜ್ ಮಾಡಿದ್ದು ನಾವೇ.

"ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋದ್ಮೇಲೆ ಸೊಸೆ ಕೇಳ್ತಾರಲ್ಲ, ಅವರಿಗೆ ಹೇಗೆ ಹೇಳ್ತೀರಿ, ನನಗೆ ಹೇಳಿ ನೋಡೋಣ" ಅನ್ನಿ. ಇನ್ಹೇಲರ್ ಆದರೆ ನಿಮ್ಮ ಎದುರಿಗೇ ಎಳೆದು ತೋರಿಸಲಿ. ಮಾತ್ರೆಯ ಪಟ್ಟಿಗಳ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಯಾವ ತೊಂದರೆ ಬಂದರೆ ಕಾಯದೆ ವಾಪಸ್ ಬರಬೇಕು ಅನ್ನುವುದನ್ನು ಜೊತೆಗಿರುವವರಿಗೂ ಹೇಳಿ. ಮತ್ತೆ ಬರುವ ದಿನಕ್ಕೆ ಯಾವ ಓಪಿಡಿ ಬಾಗಿಲು, ಯಾವ ವಾರ ನಮ್ಮ ಯೂನಿಟ್ ಇರುತ್ತದೆ, ರೇಷನ್ ಕಾರ್ಡ್ ತರಬೇಕಾ. ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ತಪ್ಪು ದಿನ ಅಂತ ವಾಪಸ್ ಹೋದವರು ಮತ್ತೆ ಬರುವುದಿಲ್ಲ.

14. ಡ್ಯೂಟಿ ಒಪ್ಪಿಸಿ ಹೋಗಿ

ಮುಂದಿನವರಿಗೆ ಫೋನಿನಲ್ಲಿ "ಎಲ್ಲ ಸ್ಟೇಬಲ್" ಅಂತ ಹೇಳಿ ಹೋಗುವುದು ಒಪ್ಪಿಸುವುದಲ್ಲ. ಮಂಚದಿಂದ ಮಂಚಕ್ಕೆ ಇಬ್ಬರೂ ನಡೆಯಿರಿ. ಯಾರ ರಿಪೋರ್ಟ್ ಬಾಕಿ, ಯಾರ ಮೇಲೆ ರಾತ್ರಿ ಕಣ್ಣಿಡಬೇಕು, ಮನೆಯವರಿಗೆ ಏನು ಹೇಳಿದ್ದೀರಿ. ನಿದ್ದೆ ಇಲ್ಲದೆ ಕೈ ನಡುಗುತ್ತಿದ್ದರೆ ಅದನ್ನೂ ಪಿ.ಜಿ.ಗೆ ಹೇಳಿ, ಆ ಹೊತ್ತಿನಲ್ಲಿ ಡೋಸ್ ಲೆಕ್ಕ ಹಾಕಬೇಡಿ.

ಪೋಸ್ಟಿಂಗ್ ಮುಗಿಯುವ ದಿನ ರೋಗಿಗಳಿಗೂ ತಿಳಿಸಿ. ಹೆಚ್ಚಿನವರು ಹೇಳದೇ ಮಾಯವಾಗುತ್ತಾರೆ. ನಾನು ಮೆಡಿಸಿನ್ ಮುಗಿಸಿ ಸರ್ಜರಿಗೆ ಹೋಗುವ ಹಿಂದಿನ ಸಂಜೆ, ಬರುವ ಹುಡುಗನನ್ನು ಕರೆದುಕೊಂಡು ವಾರ್ಡ್ ಸುತ್ತಿದೆ. ಆ ಅಜ್ಜಿ ಎರಡನೇ ಸಲ ಅಡ್ಮಿಟ್ ಆಗಿದ್ದರು. ಅಷ್ಟೊತ್ತಿಗೆ ಮತ್ತೆ ನನ್ನ ಹತ್ತಿರ ಮಾತಾಡತೊಡಗಿದ್ದರು. "ಅಜ್ಜಿ, ನಾಳೆಯಿಂದ ಇವರು ಬರ್ತಾರೆ" ಅಂದೆ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಬತ್ತೀನಿ ಅಂದ್ರೆ ಬತ್ತೀಯೇನಪ್ಪ ನೀನು?"

ಅವನು ನನ್ನ ಮುಖ ನೋಡಿದ. ನಾನು ಜೇಬಿನಿಂದ ಚೀಟಿ ತೆಗೆದು, ಗೀಟು ಹಾಕದೆ ಉಳಿದಿದ್ದ ಎರಡು ಸಾಲು ತೋರಿಸಿ, ಅವನ ಕೈಗೆ ಕೊಟ್ಟೆ.